ಬೋಲ್ಟು ಮುರಿದವರು ಯಾರು?

ನಮ್ಮ ಜಿಲ್ಲೆಯ ಒಂದು ಗಿರಣಿಯಲ್ಲಿ ಇಂಜಿನ್ನಿನ ಎರಡು ಬೋಲ್ಟುಗಳು ಮುರಿದವು. ಆ ಎರಡು ಬೋಲ್ಟುಗಳಿಗಾಗಿ ಅಲ್ಲಿನ ಫಿಟ್ಟರನ ಸಂಬಳದಿಂದ 6,000 ರೂಪಾಯಿ ಮುರಿದುಕೊಳ್ಳುವುದೆಂದು ಮಾಲೀಕರು ತೀರ್ಮಾನಿಸಿದ್ದಾರೆ. ಮೂರು ಕಂತು. ಮೊದಲನೆಯ ಕಂತು ಹೋದ ತಿಂಗಳ ಸಂಬಳದಲ್ಲಿ ಆಗಲೇ ಹೋಗಿದೆ. ಕಬ್ಬಿಣ ಮುರಿದದ್ದಕ್ಕೆ ಕೂಲಿ ಮುರಿಯುವುದು ಯಾವ ನ್ಯಾಯ ಎಂದು ನಾವು ಕೇಳುತ್ತೇವೆ.

ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಯಲ್ಲಿ ಇಷ್ಟು ಜಾಗವೇ ಎನ್ನುವವರು ಇದ್ದಾರು. ಅವರು ಗಿರಣಿಯ ಸಂಬಳದಲ್ಲಿ ಒಂದು ತಿಂಗಳು ಸಂಸಾರ ಮಾಡಿ ನೋಡಲಿ. ತಿಂಗಳಿಗೆ 2,000 ರೂಪಾಯಿ ಕಡಿಮೆ ಬಂದರೆ ಮನೆಯಲ್ಲಿ ಯಾವುದು ನಿಲ್ಲುತ್ತದೆ ಎಂಬುದು ಆಗ ತಿಳಿಯುತ್ತದೆ. ಈ ನ್ಯಾಯ ಈ ಒಂದು ಗಿರಣಿಯದೂ ಅಲ್ಲ. ವರ್ಕ್‌ಶಾಪು, ಲಾರಿ ಶೆಡ್ಡು, ಪಂಪ್‌ಸೆಟ್ಟು, ಎಲ್ಲಿ ಹೋದರೂ ಇದೇ ಮಾತು: ಕೊನೆಗೆ ಯಾರ ಕೈಯಲ್ಲಿ ಪಾನಾ ಇತ್ತೋ ಅವನೇ ಅಪರಾಧಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಈ ಮಾಲೀಕರು ನಮ್ಮ ಪತ್ರಿಕೆಯ ಚಂದಾದಾರರು. ದೊಡ್ಡ ಬಂಡವಾಳಗಾರರೂ ಅಲ್ಲ. ಸಾಲ ಮಾಡಿ ಗಿರಣಿ ಕಟ್ಟಿದವರು. ಹಾಗೆಂದು ನಾವು ಬಾಯಿ ಮುಚ್ಚಿಕೊಂಡರೆ ಈ ಪತ್ರಿಕೆಯನ್ನು ನಡೆಸುವುದೇಕೆ? ಅವರ ಹೆಸರನ್ನು ಹಾಕುವುದಿಲ್ಲ. ವಿಷಯವನ್ನು ಬಿಡುವುದಿಲ್ಲ.

ನಡೆದದ್ದು ಇಷ್ಟು. ಭತ್ತ ಕುಟ್ಟಿ, ಹಿಟ್ಟು ಬೀಸಿ, ಮೆಣಸಿನಕಾಯಿ ಪುಡಿ ಮಾಡುವ ಗಿರಣಿ ಅದು. ಕರೆಂಟು ಕೈಕೊಟ್ಟಾಗ ಇರಲಿ ಎಂದು ಒಂದು ಹಳೆಯ ಡೀಸೆಲ್ ಇಂಜಿನ್ನು ಇದೆ. ಒಂದೇ ಸಿಲಿಂಡರು, ನೀರಿನಿಂದ ತಂಪಾಗುವಂಥದು. ಇಂಗ್ಲೆಂಡಿನ ಡರ್ಸ್ಲಿ ಊರಿನಲ್ಲಿ ತಯಾರಾಗುತ್ತಿದ್ದ ಲಿಸ್ಟರ್ ಮಾದರಿಯನ್ನು ನೋಡಿ ನಮ್ಮ ರಾಜಕೋಟೆಯ ಕಾರ್ಖಾನೆಗಳು ಮಾಡಿದ, ನಾಡಿನ ಹಳ್ಳಿಹಳ್ಳಿಗಳ ಗಿರಣಿಗಳಲ್ಲಿ ಡಬ್ ಡಬ್ ಎಂದು ದುಡಿದ ಜಾತಿಯ ಇಂಜಿನ್ನು. ಇದು ಮೂರು ಮಳೆಗಾಲ ಸೋರುವ ತಗಡಿನ ಕೆಳಗೆ ನಿಂತಿತ್ತು. ಒಳಗಿನ ನೀರನ್ನು ಯಾರೂ ಬಸಿದಿರಲಿಲ್ಲ. ಫ್ಲೈವೀಲನ್ನು ಯಾರೂ ಒಮ್ಮೆಯೂ ತಿರುಗಿಸಿರಲಿಲ್ಲ.

ಸುಗ್ಗಿ ಬಂತು, ಕರೆಂಟು ಹೋಯಿತು, ಇಂಜಿನ್ನು ನೆನಪಾಯಿತು. ಚಾಲೂ ಮಾಡಿದರೆ ನೀರಿನ ತೊಟ್ಟಿಯಲ್ಲಿ ಗುಳ್ಳೆ ಏಳತೊಡಗಿತು. ಗ್ಯಾಸ್ಕೆಟ್ ಹೋಗಿದೆ ಎಂದು ಫಿಟ್ಟರನಿಗೆ ಆಗಲೇ ತಿಳಿಯಿತು. ಹೆಡ್ಡು ಬಿಚ್ಚದೆ ಬೇರೆ ದಾರಿ ಇಲ್ಲ.

"ಸಾವ್ಕಾರ್ರೇ, ತುಕ್ಕು ಹಿಡಿದು ಕುಂತೈತಿ. ಎರಡು ದಿನ ಟೈಮ್ ಕೊಡ್ರಿ. ಎಣ್ಣಿ ಬಿಟ್ಟು ನೆನೆ ಹಾಕ್ತೀನಿ. ಆಮ್ಯಾಲೆ ಗ್ಯಾಸ್ ತರಿಸಿ ಕಾಸಿ ಬಿಚ್ತೀನಿ" ಎಂದ ಫಿಟ್ಟರ್.

"ಎರಡು ದಿನ? ನಾಳೆ ಬೆಳಿಗ್ಗೆ ಭತ್ತದ ಟ್ರ್ಯಾಕ್ಟರ್ ಬಂದು ನಿಂತಾವ. ಪಾನಾಕ್ಕೆ ಪೈಪ್ ಹಾಕಿ ತಿರುವು. ನಿನಗ ಸಂಬಳ ಯಾಕ ಕೊಡೋದು?" ಎಂದರು ಮಾಲೀಕರು.

ಪಾನಾಕ್ಕೆ ನಾಲ್ಕಡಿ ಪೈಪು ಹಾಕಿದರು. ಇಬ್ಬರು ಜೋತುಬಿದ್ದರು. ಹೆಡ್ಡನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳಲ್ಲಿ ಒಂದರ ನಟ್ಟು ಬಿಟ್ಟುಕೊಂಡಿತು. ಎರಡನೆಯದು ನಟ್ಟಿನ ಕೆಳಗೇ ಟಕ್ಕೆಂದು ಮುರಿಯಿತು. ಮೂರನೆಯದು ಬುಡದಲ್ಲಿ, ಬ್ಲಾಕಿನ ಮಟ್ಟಕ್ಕೆ ಮುರಿಯಿತು. ನಾಲ್ಕನೆಯದು ಹೇಗೋ ಬಂತು. ಇಷ್ಟಾದರೂ ಹೆಡ್ಡು ಅಲುಗಲಿಲ್ಲ. "ಸಂದಿಗೆ ಉಳಿ ಇಟ್ಟು ಹೊಡಿ" ಎಂದು ಅಪ್ಪಣೆಯಾಯಿತು. ಫಿಟ್ಟರ್ ಒಪ್ಪಲಿಲ್ಲ. ಉಳಿಯ ಒಂದು ಗೀರು ಬಿದ್ದರೂ ಆ ಮೈ ಮತ್ತೆ ಗ್ಯಾಸ್ಕೆಟ್ಟನ್ನು ಹಿಡಿಯುವುದಿಲ್ಲ ಎಂದ. ಇದಕ್ಕೆ ಎದುರುತ್ತರ ಎಂದು ಹೆಸರಾಯಿತು. ಇಂಜಿನ್ನು ಉಳಿಸಿದ ಮಾತು ಎದುರುತ್ತರವಾಯಿತು. ಇಂಜಿನ್ನು ಕೆಡಿಸಿದ ಅಪ್ಪಣೆಗೆ ಯಾವ ಹೆಸರೂ ಬರಲಿಲ್ಲ.

ನಾವು ಗಿರಣಿಗೆ ಹೋದಾಗ ಮಾಲೀಕರು ನಗುತ್ತಲೇ, "ಮೇಷ್ಟ್ರೇ, ನೀವು ಪಾಠ ಹೇಳಿದವರು. ಕಬ್ಬಿಣದ ವಿಷಯ ನಿಮಗೇನು ಗೊತ್ತು?" ಎಂದರು. ಮಾತು ಸರಿಯೇ. ನಾವು ಪಾನಾ ಹಿಡಿದವರಲ್ಲ. ಆದ್ದರಿಂದಲೇ ಮೂರು ದಿನ ಆ ಇಂಜಿನ್ನಿನ ಪಕ್ಕದಲ್ಲಿ ನಿಂತು, ಕೇಳಿ, ನೋಡಿ, ಓದಿ ತಿಳಿದುಕೊಂಡೆವು. ತಿಳಿದದ್ದನ್ನು ಈಗ ಬರೆಯುತ್ತೇವೆ.

ಬೋಲ್ಟು ಏಕೆ ಮುರಿಯುತ್ತದೆ?

ಒಂದು ನಟ್ಟನ್ನು ಬಿಗಿಮಾಡಲು ನಾವು ಹಾಕುವ ಬಲವನ್ನು ನೂರು ಪಾಲು ಎಂದುಕೊಳ್ಳಿ. ಅದರಲ್ಲಿ ಸುಮಾರು 50 ಪಾಲು ನಟ್ಟಿನ ತಳದ ತಿಕ್ಕಾಟಕ್ಕೇ ಹೋಗುತ್ತದೆ. ಸುಮಾರು 40 ಪಾಲು ಥ್ರೆಡ್ಡಿನ ತಿಕ್ಕಾಟಕ್ಕೆ ಹೋಗುತ್ತದೆ. ನಿಜವಾಗಿ ಬಿಗಿಹಿಡಿಯುವ ಕೆಲಸಕ್ಕೆ ಉಳಿಯುವುದು ಹತ್ತೇ ಪಾಲು. ಇದು ಹೊಸ, ಶುದ್ಧವಾದ ಬೋಲ್ಟಿನ ಮಾತು. ತುಕ್ಕು ಹಿಡಿದರೆ ಏನಾಗುತ್ತದೆ? ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿದೆ? ತುಕ್ಕು ಉಬ್ಬಿ, ಬೆಣೆ ಹೊಡೆದಂತೆ ಒಳಗೇ ಕಚ್ಚಿಕೊಳ್ಳುತ್ತದೆ. ಆಗ ಪಾನಾಕ್ಕೆ ಹಾಕಿದ ಬಲ ನಟ್ಟನ್ನು ತಿರುಗಿಸುವುದಿಲ್ಲ, ಬೋಲ್ಟಿನ ಮೈಯನ್ನು ಒದ್ದೆ ಬಟ್ಟೆ ಹಿಂಡಿದಂತೆ ಹಿಂಡುತ್ತದೆ. ತುಕ್ಕು ತಿಂದು ಸಣ್ಣಗಾದ ಜಾಗದಲ್ಲಿ ಅದು ಮುರಿಯುತ್ತದೆ.

ಪೈಪಿನ ಮಾತಿಗೆ ಬರೋಣ. ಹಿಡಿಯ ಉದ್ದ ಎರಡರಷ್ಟಾದರೆ ತಿರುಚುವ ಬಲವೂ ಎರಡರಷ್ಟು. ಒಂದಡಿ ಪಾನಾಕ್ಕೆ ನಾಲ್ಕಡಿ ಪೈಪು ಹಾಕಿ ಇಬ್ಬರು ಜೋತುಬಿದ್ದರೆ ಎಷ್ಟಾಯಿತು? ಲೆಕ್ಕ ನೀವೇ ಹಾಕಿ. ಬರಿಗೈಯಲ್ಲಿ ಪಾನಾ ಹಿಡಿದ ಫಿಟ್ಟರನಿಗೆ ಬೋಲ್ಟು ಮಾತನಾಡುತ್ತದೆ. ಬಿಡುವ ಬೋಲ್ಟು ಕಿರ್ರೆಂದು ಜಾರುತ್ತದೆ. ಮುರಿಯುವ ಬೋಲ್ಟು ರಬ್ಬರಿನಂತೆ ಮೆತ್ತಗೆ ಬಳುಕುತ್ತದೆ. ಆ ಬಳುಕು ಕೈಗೆ ತಿಳಿದ ಕ್ಷಣವೇ ಅನುಭವಸ್ಥ ಕೈ ನಿಲ್ಲಿಸುತ್ತದೆ. ಪೈಪಿನ ತುದಿಗೆ ಆ ಮಾತು ಕೇಳಿಸುವುದಿಲ್ಲ. ಪೈಪು ಹಾಕಿಸಿದವರು ಫಿಟ್ಟರನ ಕೈಯನ್ನೇ ಕಿವುಡು ಮಾಡಿ, ಆಮೇಲೆ ನಿನಗೇಕೆ ಕೇಳಿಸಲಿಲ್ಲ ಎಂದು ದಂಡ ಹಾಕಿದ್ದಾರೆ.

ಬಿಚ್ಚುವ ಕ್ರಮ

ಹಾಗಾದರೆ ಹೇಗೆ ಬಿಚ್ಚಬೇಕಾಗಿತ್ತು? ಇದನ್ನು ವಿವರವಾಗಿ ಬರೆಯುತ್ತೇವೆ. ಓದುವ ಕಾರ್ಮಿಕ ಬಂಧುಗಳಿಗೆ ಉಪಯೋಗವಾಗಲಿ. ಓದುವ ಮಾಲೀಕರಿಗೆ ಎರಡು ದಿನ ಏಕೆ ಬೇಕೆಂಬುದು ತಿಳಿಯಲಿ.

ಮೊದಲು ತಂತಿ ಬ್ರಷ್ಷಿನಿಂದ ಥ್ರೆಡ್ಡಿನ ತುಕ್ಕು, ಮಸಿ ತೆಗೆಯಬೇಕು. ಆಮೇಲೆ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು ಒಂದು ರಾತ್ರಿಯಾದರೂ ನೆನೆಯಬಿಡಬೇಕು. ನಡುನಡುವೆ ಮತ್ತೆ ಬಿಡಬೇಕು. ನಟ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಸಣ್ಣಗೆ, ಚುರುಕಾಗಿ ತಟ್ಟಬೇಕು. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಪಾನಾ ಹಾಕಿದ ಮೇಲೆ ಮೊದಲು ಬಿಚ್ಚುವ ಕಡೆಗಲ್ಲ, ಕೂದಲೆಳೆಯಷ್ಟು ಬಿಗಿಯುವ ಕಡೆಗೆ ನೋಡಬೇಕು. ಅಲುಗಿದರೆ ಹಿಂದಕ್ಕೆ. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ಮತ್ತೆ ಎಣ್ಣೆ. ಹೀಗೆ ಹೋಗಬೇಕು.

ಇದಕ್ಕೂ ಬಗ್ಗದಿದ್ದರೆ ಬೆಂಕಿ. ಸುತ್ತಲಿನ ಬೀಡನ್ನು ಕಾಸಿದರೆ ತೂತು ಹಿಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಆದರೆ ಬೀಡು ಕಬ್ಬಿಣ ಗಡಿಬಿಡಿಯನ್ನು ಸಹಿಸುವುದಿಲ್ಲ. ಒಂದೇ ಕಡೆ ಒಮ್ಮೆಗೇ ಕಾಸಿದರೆ ಸೀಳುತ್ತದೆ. ಅಗಲವಾಗಿ, ನಿಧಾನವಾಗಿ ಕಾಸಬೇಕು. ಬಿಟ್ಟ ಎಣ್ಣೆಯನ್ನು ಮೊದಲು ಒರೆಸಬೇಕು, ಡೀಸೆಲ್ ಟ್ಯಾಂಕನ್ನು ದೂರ ಇಡಬೇಕು. ಇಲ್ಲವಾದರೆ ಇಂಜಿನ್ನಿನ ಜೊತೆಗೆ ಶೆಡ್ಡೂ ಉರಿಯುತ್ತದೆ.

ನಟ್ಟೆಲ್ಲ ಬಂದ ಮೇಲೂ ಹೆಡ್ಡು ಕೂತಿದ್ದರೆ, ಡೀಸೆಲ್ ಬಂದು ಮಾಡಿ, ನಟ್ಟುಗಳನ್ನು ಎರಡೆರಡು ಸುತ್ತು ಸಡಿಲವಾಗಿ ಹಾಕಿ, ಫ್ಲೈವೀಲನ್ನು ಕೈಯಿಂದ ತಿರುಗಿಸುವುದುಂಟು. ಸಿಲಿಂಡರಿನೊಳಗೆ ಒತ್ತಿದ ಗಾಳಿಯೇ ಹೆಡ್ಡನ್ನು ಎಬ್ಬಿಸುತ್ತದೆ. ಈ ಇಂಜಿನ್ನಿನಲ್ಲಿ ಗ್ಯಾಸ್ಕೆಟ್ಟೇ ಹೋಗಿದ್ದರಿಂದ ಗಾಳಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ನಮ್ಮ ಫಿಟ್ಟರ್ ಚೈನ್ ಪುಲ್ಲಿ ಕಟ್ಟಿ ಮೇಲಕ್ಕೆ ಅಷ್ಟಷ್ಟೇ ಎಳೆತ ಕೊಟ್ಟು, ಮರದ ಕೊಡತಿಯಿಂದ ನಾಲ್ಕು ಮೂಲೆಗೂ ಸರದಿಯಂತೆ ತಟ್ಟಿದ. ತಟ್ಟುವುದು, ಎಣ್ಣೆ ಬಿಡುವುದು, ಕಾಯುವುದು. ಸಂಜೆಯ ಹೊತ್ತಿಗೆ ಹೆಡ್ಡು ಮೈ ಬಿಟ್ಟು ಮೇಲಕ್ಕೆ ಬಂತು. ಒಂದು ಗೀರೂ ಇರಲಿಲ್ಲ.

ಇನ್ನು ಮುರಿದ ತುಂಡುಗಳು. ಮೊದಲನೆಯದರ ಮೋಟು ಬ್ಲಾಕಿನ ಮೇಲೆ ನಿಂತಿತ್ತು. ಅದರ ಮೇಲೆ ಒಂದು ನಟ್ಟು ಇಟ್ಟು ಒಳಗಿನಿಂದ ವೆಲ್ಡಿಂಗ್ ಮಾಡಿದರು. ವೆಲ್ಡಿಂಗಿನ ಶಾಖಕ್ಕೆ ಮೋಟು ಹಿಗ್ಗಿ ತುಕ್ಕನ್ನು ಒಡೆಯುತ್ತದೆ, ಆರಿದಾಗ ಕುಗ್ಗಿ ಸಂದಿ ಬಿಡುತ್ತದೆ. ಕೈ ತಾಗಿಸುವಷ್ಟು ಆರಿದ ಮೇಲೆ ಹಿಂದೆ ಮುಂದೆ ಅಲುಗಿಸುತ್ತ ತಿರುಗಿಸಿದರು. ಬಂತು. ಎರಡನೆಯದು ಬ್ಲಾಕಿನ ಮಟ್ಟಕ್ಕೆ ಮುರಿದದ್ದು, ಹಿಡಿಯಲು ಏನೂ ಇಲ್ಲ. ಅದನ್ನು ಅರದಿಂದ ಮಟ್ಟ ಮಾಡಿ, ನಟ್ಟ ನಡುವೆ ಪಂಚ್ ಹೊಡೆದು, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ ದೊಡ್ಡದಕ್ಕೆ ಹೋಗಬೇಕು. ನಡು ತಪ್ಪಿದರೆ ಡ್ರಿಲ್ಲು ಮೆತ್ತಗಿರುವ ಬೀಡಿನ ಕಡೆಗೆ ಜಾರಿ ಬ್ಲಾಕನ್ನು ತಿನ್ನುತ್ತದೆ. ತೂತಿಗೆ ಎಡ ತಿರುವಿನ 'ಈಜಿ ಔಟ್' ಹಾಕಿ ತೆಗೆಯುವವರೂ ಇದ್ದಾರೆ. ಆದರೆ ಅದು ಬಹಳ ಗಟ್ಟಿ, ಅಷ್ಟೇ ಪೆಡಸು. ಒಳಗೆ ಮುರಿದರೆ ಸಾಧಾರಣ ಡ್ರಿಲ್ಲು ಅದನ್ನು ಮುಟ್ಟುವುದೂ ಇಲ್ಲ. ನಮ್ಮ ಫಿಟ್ಟರ್ ಆ ಪಂದ್ಯ ಕಟ್ಟಲಿಲ್ಲ. ಥ್ರೆಡ್ಡಿನ ಅಂಚಿನವರೆಗೆ ಕೊರೆದು, ಉಳಿದ ಸಿಪ್ಪೆಯನ್ನು ಚುಚ್ಚಿ ತೆಗೆದು, ಟ್ಯಾಪು ಹಾಕಿ ಥ್ರೆಡ್ಡನ್ನು ಶುದ್ಧ ಮಾಡಿದ. ಅರ್ಧ ದಿನದ ಕೆಲಸ. ಬೆನ್ನು ನೆಟ್ಟಗಾಗಲಿಲ್ಲ. ಕಣ್ಣಿಗೆ ಕನ್ನಡಕ ಗಿರಣಿಯದಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಕೇಳಿ ತಂದದ್ದು.

ಮೂರನೆಯ ದಿನ ಸಂಜೆ ಹೊಸ ಬೋಲ್ಟು, ಹೊಸ ಗ್ಯಾಸ್ಕೆಟ್ ಹಾಕಿ ಇಂಜಿನ್ನು ಚಾಲೂ ಆಯಿತು. ಇಂದಿಗೂ ಓಡುತ್ತಿದೆ. ಎರಡು ದಿನ ಕೊಡಲಾರದವರು ಮೂರು ದಿನ ಕೊಡಬೇಕಾಯಿತು. ಇಂಜಿನ್ನನ್ನು ಎಬ್ಬಿಸಿ ನಿಲ್ಲಿಸಿದ ಕೈಗೆ ಬಹುಮಾನವಾಗಿ ದಂಡದ ಚೀಟಿ ಬಂತು!

ಮಾಲೀಕರ ಮಾತಿಗೆ ಉತ್ತರ

"ಅವನ ಕೈಯಲ್ಲೇ ಮುರಿಯಿತಲ್ಲ" ಎನ್ನುತ್ತಾರೆ. ಸ್ವಾಮಿ, ಆ ಬೋಲ್ಟು ಮುರಿಯತೊಡಗಿದ್ದು ಮೂರು ಮಳೆಗಾಲದ ಹಿಂದೆ. ನೀರು ಬಸಿಯದೆ ಇಂಜಿನ್ನು ನಿಲ್ಲಿಸಿದ ದಿನ. ತಗಡಿನ ತೂತು ಮುಚ್ಚದ ದಿನ. ಫಿಟ್ಟರನ ಕೈಯಲ್ಲಿ ಕೇಳಿಸಿದ್ದು ಅದರ ಕೊನೆಯ ಸದ್ದು ಮಾತ್ರ. ಶವ ಹೊತ್ತವನನ್ನು ಕೊಲೆಗಾರ ಎನ್ನುತ್ತೀರಾ?

"ಬೇರೆ ಫಿಟ್ಟರುಗಳು ಒಂದು ತಾಸಿನಲ್ಲಿ ಬಿಚ್ಚುತ್ತಾರೆ" ಎನ್ನುತ್ತಾರೆ. ಬಿಚ್ಚುತ್ತಾರೆ, ಎಣ್ಣೆ ಕಂಡ ಬೋಲ್ಟನ್ನು. ವರ್ಷ ವರ್ಷ ಬಿಚ್ಚಿ ಹಾಕಿದ ಇಂಜಿನ್ನನ್ನು ಒಂದು ತಾಸಿನಲ್ಲಿ ಬಿಚ್ಚುವವನು ಇವನೂ ಹೌದು.

"ಹಾಗಾದರೆ ನಷ್ಟ ಯಾರು ಹೊರಬೇಕು?" ಎನ್ನುತ್ತಾರೆ. ಇಂಜಿನ್ನು ಓಡಿದಾಗ ಲಾಭ ಯಾರದೋ ನಿಂತಾಗ ನಷ್ಟವೂ ಅವರದೇ. ಲಾಭದ ದಿನ ಪಾಲುದಾರನಲ್ಲದ ಫಿಟ್ಟರ್ ನಷ್ಟದ ದಿನ ಪಾಲುದಾರನಾಗುವುದು ಯಾವ ವ್ಯಾಪಾರ ಧರ್ಮ? ಅಂಗಡಿ ಇಟ್ಟ ನಮ್ಮ ವರ್ತಕ ಬಂಧುಗಳೇ ಹೇಳಲಿ.

ಕಾನೂನೂ ಈ ಮಾತನ್ನು ಒಪ್ಪುವುದಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ನಿಯಮವೇ 2019ರ ವೇತನ ಸಂಹಿತೆಗೂ ಬಂದಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಹಾನಿಗಾಗಿ ಸಂಬಳ ಕಳೆಯಬೇಕಾದರೆ ಆ ವಸ್ತುವನ್ನು ಕಾಯ್ದುಕೊಳ್ಳಲೆಂದು ಸ್ಪಷ್ಟವಾಗಿ ಕಾರ್ಮಿಕನ ವಶಕ್ಕೆ ಕೊಟ್ಟಿರಬೇಕು. ಹಾನಿ ನೇರವಾಗಿ ಅವನ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ಆಗಿರಬೇಕು. ಕಳೆಯುವ ಮೊತ್ತ ನಿಜವಾದ ನಷ್ಟವನ್ನು ಮೀರಬಾರದು. ಕಳೆಯುವ ಮೊದಲು ಅವನಿಗೆ ಕಾರಣ ಹೇಳಿಕೊಳ್ಳುವ ಅವಕಾಶ ಕೊಡಬೇಕು. ಕಳೆದದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಈಗ ಕೇಳುತ್ತೇವೆ: ಇಂಜಿನ್ ಶೆಡ್ಡಿನ ಬೀಗದ ಕೈ ಮೂರು ವರ್ಷ ಯಾರ ಸೊಂಟದಲ್ಲಿತ್ತು? ಫಿಟ್ಟರನ ಕಾರಣವನ್ನು ಯಾರು ಕೇಳಿದರು? ಎರಡು ಬೋಲ್ಟಿನ ಬೆಲೆ 6,000 ರೂಪಾಯಿ ಎಂದು ಯಾವ ಅಂಗಡಿಯ ಬಿಲ್ಲು ಹೇಳುತ್ತದೆ? ರಿಜಿಸ್ಟರ್ ಎಲ್ಲಿ?

ಸಣ್ಣ ವರ್ತಕರಿಗೆ ಒಂದು ಮಾತು

ಬೋಲ್ಟು ಮುರಿದ ದಿನವೇ ಕಂಪನಿಯೊಂದರ ಏಜೆಂಟರು ಗಿರಣಿಗೆ ಬಂದಿದ್ದರು. "ಇದು ಆಗುವ ಕೆಲಸವಲ್ಲ. ಬ್ಲಾಕು, ಹೆಡ್ಡು ಎಲ್ಲ ಹೊಸದು ಹಾಕಿ. ಇಲ್ಲ, ಇಂಜಿನ್ನನ್ನೇ ಬದಲಾಯಿಸಿ. ಕಂತಿನ ಮೇಲೆ ಕೊಡಿಸುತ್ತೇವೆ" ಎಂದರು. ಎರಡು ಬೋಲ್ಟಿಗೆ ಒಂದು ಇಂಜಿನ್ನು! ಆ ಸಾಲದ ಗುಂಡಿಯಿಂದ ಮಾಲೀಕರನ್ನು ಉಳಿಸಿದವನು ಯಾರು? ದಂಡ ತೆತ್ತ ಅದೇ ಫಿಟ್ಟರ್.

ಮಾರುವವರಿಗೆ ರಿಪೇರಿ ಬೇಡ, ಮಾರಾಟ ಬೇಕು. ಭಾಗಗಳ ಪುಸ್ತಕ ಕೊಡುವುದಿಲ್ಲ, ಬಿಡಿ ಭಾಗ ಸಿಗುವುದಿಲ್ಲ, ಅಳತೆ ತಿಳಿಯುವುದಿಲ್ಲ. ಇಂಗ್ಲೆಂಡಿನ ವಿಟ್‌ವರ್ತ್ 1841ರಲ್ಲಿ ಥ್ರೆಡ್ಡಿಗೊಂದು ಸಮಾನ ಅಳತೆ ಸೂಚಿಸಿದ. ಹಳೆಯ ಇಂಜಿನ್ನುಗಳಲ್ಲಿ ಇನ್ನೂ ಅದೇ ಇದೆ. ಪೇಟೆಯಲ್ಲಿ ಸಿಗುವುದು ಮಿಲಿಮೀಟರಿನ ಬೋಲ್ಟು. ಅರ್ಧ ಇಂಚು ಎಂದರೆ 12.7 ಮಿಲಿಮೀಟರು. ಆ ತೂತಿಗೆ 12 ಮಿಲಿಮೀಟರಿನ ಬೋಲ್ಟನ್ನು ತುರುಕಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ, ಥ್ರೆಡ್ಡು ಹಾಳಾಗುತ್ತದೆ. ಈ ತಿಳಿವಳಿಕೆಯನ್ನು ಮುಚ್ಚಿಟ್ಟವರು ಯಾರು? ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಒಂದು ಸಮಿತಿ ಮಾಡಿತು. ಕೃಷಿ ಯಂತ್ರಗಳನ್ನೂ ವಾಹನಗಳನ್ನೂ ಅದರ ಪರಿಶೀಲನೆಗೆ ಸೇರಿಸಿತು. ಒಳ್ಳೆಯದು. ಆದರೆ ಸಮಿತಿಯ ಕಾಗದದಿಂದ ಬೋಲ್ಟು ಬಿಚ್ಚುವುದಿಲ್ಲ. ಹಕ್ಕನ್ನು ಕೇಳುವವರು ಬೇಕು. ಮಾಲೀಕರೇ, ಅದನ್ನು ಕೇಳಬೇಕಾದ ಕಡೆ ನೀವು ಬಾಯಿ ಬಿಡಲಿಲ್ಲ. ಕೈಗೆ ಸಿಕ್ಕ ಬಡವನ ಸಂಬಳದ ಮೇಲೆ ಶೌರ್ಯ ತೋರಿಸಿದಿರಿ.

ನಮ್ಮವರ ತಪ್ಪನ್ನೂ ಮುಚ್ಚಿಡುವುದಿಲ್ಲ. ಪೈಪಿಗೆ ಜೋತುಬಿದ್ದ ಇಬ್ಬರೂ ಕಾರ್ಮಿಕರೇ. ಹೊಡೆದು ತೆಗೆಯುವುದೇ ಗಂಡಸುತನ ಎಂಬ ಭ್ರಮೆ ನಮ್ಮಲ್ಲಿ ಬೇಕಾದಷ್ಟಿದೆ. ಮುರಿದ ಬೋಲ್ಟಿನ ಮೇಲೆ ಅಂಟು ಬಳಿದು ಯಾರಿಗೂ ಹೇಳದೆ ಮುಚ್ಚಿಬಿಡುವ ಫಿಟ್ಟರುಗಳೂ ಇದ್ದಾರೆ. ಏಕೆ ಮುಚ್ಚುತ್ತಾರೆ? ಹೇಳಿದರೆ ದಂಡ ಬೀಳುತ್ತದೆ ಎಂಬ ಭಯಕ್ಕೆ. ದಂಡ ಹಾಕುವ ಗಿರಣಿಯಲ್ಲಿ ಸತ್ಯ ಹೇಳುವ ಫಿಟ್ಟರ್ ಉಳಿಯುವುದಿಲ್ಲ. ಮುಚ್ಚಿದ ಬೋಲ್ಟು ಒಂದು ದಿನ ಓಡುವ ಇಂಜಿನ್ನಿನಲ್ಲಿ ಬಿಡುತ್ತದೆ. ಆಗ ಹೋಗುವುದು ಕಬ್ಬಿಣ ಮಾತ್ರವಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ದಂಡದ ಉಳಿದ ಎರಡು ಕಂತನ್ನು ಕೈಬಿಡಬೇಕು. ಕಳೆದ 2,000 ರೂಪಾಯಿಯನ್ನು ಈ ತಿಂಗಳ ಸಂಬಳದ ಜೊತೆಗೆ ಹಿಂದಕ್ಕೆ ಕೊಡಬೇಕು. ಕೆಲಸಕ್ಕೆ ಇಷ್ಟು ಹೊತ್ತು ಬೇಕೆಂದು ಫಿಟ್ಟರ್ ಹೇಳಿದರೆ ಅದನ್ನು ಪುಸ್ತಕದಲ್ಲಿ ಬರೆಯಬೇಕು. ಅದಕ್ಕೆ ವಿರುದ್ಧವಾಗಿ ಅಪ್ಪಣೆ ಮಾಡುವವರು ಕೆಳಗೆ ತಮ್ಮ ಸಹಿ ಹಾಕಬೇಕು. ತುಕ್ಕಿನ ಎಣ್ಣೆ, ಟ್ಯಾಪು, ಕಣ್ಣಿನ ಕನ್ನಡಕ ಗಿರಣಿಯ ಖರ್ಚಿನಲ್ಲೇ ಇರಬೇಕು. ನಿಂತ ಇಂಜಿನ್ನಿನ ನೀರು ಬಸಿದು, ವಾರಕ್ಕೊಮ್ಮೆ ಫ್ಲೈವೀಲು ತಿರುಗಿಸಲು ಸಂಬಳದ ಹೊತ್ತಿನಲ್ಲೇ ಸಮಯ ಕೊಡಬೇಕು. ಇದರಲ್ಲಿ ಯಾವುದು ಅತಿಯಾಯಿತು, ಮಾಲೀಕರು ಹೇಳಲಿ. ಅವರ ಉತ್ತರವನ್ನು ಇದೇ ಪುಟದಲ್ಲಿ ಇಷ್ಟೇ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ.

ಮುರಿದ ಆ ಎರಡು ತುಂಡುಗಳನ್ನು ಫಿಟ್ಟರ್ ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದಾನೆ. ನಾವು ಕೈಯಲ್ಲಿ ಹಿಡಿದು ನೋಡಿದೆವು. ಮುರಿದ ಮೈಯ ಮುಕ್ಕಾಲು ಭಾಗ ಕಂದು, ಹಳೆಯ ತುಕ್ಕು. ಹೊಳೆಯುವ ಹೊಸ ಮುರಿತ ಕಾಲು ಭಾಗವೂ ಇಲ್ಲ. ಬೋಲ್ಟು ಮುರಿದವರು ಯಾರೆಂದು ಆ ತುಂಡೇ ಸಾಕ್ಷಿ ಹೇಳುತ್ತದೆ. ಸಂಬಳದ ದಿನದವರೆಗೆ ಡಬ್ಬಿ ನಮ್ಮ ಕಚೇರಿಯ ಮೇಜಿನ ಮೇಲಿರುತ್ತದೆ. ಬಂದು ನೋಡಿ, ನೀವೇ ತೀರ್ಪು ಹೇಳಿ.